ಕುಸ್ತಿಯ ಕ್ಯಾಸೆಟ್ಟು ಮತ್ತು ನನ್ನ ಗಂಡ ಹಿರಿಯಣ್ಣ

ನನ್ನ ಗಂಡ ಹಿರಿಯಣ್ಣ ಕೈ ಮಾಡುವ ಮನುಷ್ಯ. ನಾಸಿಕದ ನಮ್ಮ ಕನ್ನಡ ಸಂಘದ ಸಂಚಿಕೆಯಲ್ಲಿ ತೀರಿಹೋದವರೆಲ್ಲ ಶಾಂತ ಸ್ವಭಾವದವರೇ ಆಗಿರುತ್ತಾರೆ. ಇವನು ಹಾಗಿರಲಿಲ್ಲ. ಅಂಗಡಿಗೆ ಬಂದ ಗಿರಾಕಿಗೆ ಹೊಡೆದಿದ್ದಾನೆ. ರಿಕ್ಷಾದವನಿಗೆ ಹೊಡೆದಿದ್ದಾನೆ. ನನ್ನ ತಮ್ಮನಿಗೆ ಅವನ ಮದುವೆಯ ದಿನವೇ, ಬಾಸಿಂಗ ಕಟ್ಟಿಕೊಂಡಿದ್ದಾಗಲೇ ಹೊಡೆದಿದ್ದಾನೆ. ನಮಗೆ ಮಕ್ಕಳಾಗಲಿಲ್ಲ, ಅದಕ್ಕೂ ಒಬ್ಬ ಡಾಕ್ಟರು ಪೆಟ್ಟು ತಿಂದ. ನನಗೂ ಹೊಡೆದಿದ್ದಾನೆ. ನಾನು ಸುಮ್ಮನೆ ತಿಂದವಳಲ್ಲ. ಒಮ್ಮೆ ಒಲೆಯ ಮೇಲಿನ ಹಂಚು ಎತ್ತಿ ಅವನ ಮೊಣಕೈಗೆ ಒತ್ತಿದ್ದೆ. ಆ ಕಲೆ ಹೋಗಲೇ ಇಲ್ಲ. ಹೆಣಕ್ಕೆ ನೀರು ಹಾಕುವಾಗಲೂ ಇತ್ತು.

ನಮ್ಮದು ಮುಧೋಳದ ಕಡೆಯ ಹಳ್ಳಿ. ಅವನು ಗರಡಿಯಲ್ಲಿ ಬೆಳೆದವನು. ಎರಡೂ ಕಿವಿ ಜಜ್ಜಿ ಮುದ್ದೆಯಾಗಿದ್ದವು. ಆ ಕಿವಿ ನೋಡಿಯೇ ನಮ್ಮಪ್ಪ ಹೆಣ್ಣು ಕೊಟ್ಟ. "ಇಂಥಾ ಕಿವಿ ಇದ್ದಾವನ ಹೇಣ್ತಿನ್ನ ಯಾರೂ ಕಣ್ಣೆತ್ತಿ ನೋಡೂದಿಲ್ಲ" ಅಂದ. ಗಂಡನೇ ನೋಡಿಕೊಳ್ಳುತ್ತಾನೋ ಇಲ್ಲವೋ ಅದನ್ನು ಯೋಚಿಸಲಿಲ್ಲ.

ವೈರಮನ್ ಕೆಲಸ ಕಲಿತು ಓಝರಿನ ವಿಮಾನದ ಕಾರ್ಖಾನೆಗೆ ಬಂದ. ಕಾರ್ಖಾನೆಯವನಲ್ಲ, ಅಲ್ಲಿಗೆ ಆಳು ಕೊಡುವ ಗುತ್ತಿಗೆದಾರನ ಆಳು. ನಮ್ಮ ಕಡೆಯ ಒಬ್ಬ ಇಂಜಿನಿಯರು ಹೇಳಿ ಸೇರಿಸಿದ್ದರು. ಒಂದು ದಿನ ಚಹದ ಹೊತ್ತಿನಲ್ಲಿ ಗುತ್ತಿಗೆದಾರನ ಮುಕಾದಮ ಇವನಿಗೆ ಕಾನಡಿ ಕತ್ತೆ ಅಂದ. ಇವನು ಕೆನ್ನೆಗೆ ಕೊಟ್ಟ ಏಟಿಗೆ ಅವನ ಹಲ್ಲು ಅವನದೇ ಚಹದ ಲೋಟದಲ್ಲಿ ಬಿತ್ತು. ಅಲ್ಲಿಗೆ ಕೆಲಸ ಮುಗಿಯಿತು. ಸೇರಿಸಿದ ಇಂಜಿನಿಯರು ನಮ್ಮ ಮನೆಯ ಮುಂದೆ ಹಾಯುವಾಗ ಮುಖ ತಿರುಗಿಸುತ್ತಿದ್ದರು. ಅವರದೇನೂ ತಪ್ಪಿಲ್ಲ.

ಪಂಚವಟಿಯಲ್ಲಿ ಟಿವಿ ರಿಪೇರಿ ಅಂಗಡಿ ಹಾಕಿದ. ಮೊದಲು ಟಿವಿ, ಆಮೇಲೆ ವಿಸಿಆರ್. ಜನ ಸಿಡಿ ನೋಡತೊಡಗಿದ ಮೇಲೆ ವಿಸಿಆರುಗಳನ್ನು ಭಂಗಾರಿಗೆ, ಅಂದರೆ ಗುಜರಿಗೆ ಹಾಕಿದರು. ಇವನು ಭಂಗಾರಿನಿಂದ ಆರಿಸಿ ತಂದ. ಮಂಚದ ಕೆಳಗೆಲ್ಲ ಅವೇ. ಕಾಲು ಚಾಚಲು ಜಾಗ ಇರಲಿಲ್ಲ. "ನನ್ನೂ ಭಂಗಾರಿಗೆ ಹಾಕಿ ಇವನ್ನ ಮಂಚದ ಮ್ಯಾಲ ಮಲಗಿಸ್ಕೋರಿ" ಅಂದೆ. "ಮದ್ಲ ಯಾರರೆ ತಗೊಳ್ತಾರೇನ ಕೇಳ್ತೇನಿ ತಡಿ" ಅಂದ.

ಆದರೆ ಅದರಿಂದಲೇ ಹೊಟ್ಟೆ ತುಂಬಿತು. ಓಝರಿನ ಕಾಲೊನಿಯವರು, ಬ್ಯಾಂಕಿನವರು, ದಿಂಡೋರಿಯ ದ್ರಾಕ್ಷಿ ತೋಟದವರು ಎಲ್ಲರೂ ಹಳೆಯ ಮದುವೆ, ಮುಂಜಿ, ಸೀಮಂತದ ಕ್ಯಾಸೆಟ್ಟು ತರುವರು. ಅವನ್ನು ಸಿಡಿಗೆ ಇಳಿಸಿ ಕೊಡಬೇಕು. ಹಳೆಯ ಕ್ಯಾಸೆಟ್ಟು ನೆಟ್ಟಗೆ ಓಡುವುದಿಲ್ಲ. ಚಿತ್ರ ಉರುಳುತ್ತದೆ, ಹರಿಯುತ್ತದೆ, ನಡುಗುತ್ತದೆ. ಬ್ಯಾಂಕಿನ ಸಾಹೇಬರ ಹೆಂಡತಿ ಅಂಬುಜಾಬಾಯಿಯ ಮದುವೆಯ ಕ್ಯಾಸೆಟ್ಟಿನಲ್ಲಿ ಎಲ್ಲರ ತಲೆಯೂ ಒಂದು ಕಡೆಗೆ ಹಾರಿಹೋಗುತ್ತಿತ್ತು.

"ಹಿರಿಯಣ್ಣಾರ, ನನ್ನ ತಲಿ ಎಲ್ಲಿ ಹೋತ್ರಿ?" ಅಂದರು ಆಕೆ.

"ನಿಮ್ಮ ತಲಿ ಬರೋಬರಿ ಐತ್ರಿ ಬಾಯಾರ. ಇದನ್ನ ತುಂಬಿದ ಮಶೀನ ಸೊಟ್ಟ ಇತ್ತು. ಈಗ ನನ್ನ ಮಶೀನನ್ನೂ ಅದರಷ್ಟs ಸೊಟ್ಟ ಮಾಡಬೇಕು. ಅಂದ್ರ ತಲಿ ಬರತೈತಿ."

"ನಮ್ಮ ಯಜಮಾನ್ರದೂ ಬರತದೇನ್ರಿ?"

"ಅವರದು ಮದಲs ಇತ್ತೇನ ಕೇಳ್ಕೊಂಡ ಬರ್ರಿ."

ಆಕೆ ನಕ್ಕರು. ಹೊರಗೆ ಬಾಗಿಲಲ್ಲಿ ನಿಂತಿದ್ದ ಸಾಹೇಬರು ನಗಲಿಲ್ಲ.

ವಿಸಿಆರಿನ ಮುಚ್ಚಳ ಬಿಚ್ಚಿ, ಟೇಪು ಹಾಯುವ ಸಣ್ಣ ಕಂಬಗಳ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ. ಕಣ್ಣು ಟಿವಿಯ ಮೇಲೆ. ಆಗ ಯಾರೂ ಮಾತಾಡಬಾರದು. ನಾನು ಒಮ್ಮೆ ಉಪ್ಪಿಟ್ಟು ತಿನ್ನಲು ಕರೆದು ಭುಜ ಮುಟ್ಟಿದೆ. ತಿರುಗಿದವನೇ ಹೊಡೆದ. ಬಟ್ಟಲು ಅವನ ಮುಖಕ್ಕೆ ಎಸೆದೆ. ಹಣೆಯ ಮೇಲೆ ಉಪ್ಪಿಟ್ಟು ಇಟ್ಟುಕೊಂಡೇ ತಿರುಪು ತಿರುಗಿಸಿದ.

ಮಶೀನಿಗೂ ಕಂಪ್ಯೂಟರಿಗೂ ನಡುವೆ ಒಂದು ಹಳೆಯ ಡಿವಿಡಿ ರೆಕಾರ್ಡರ್ ಇಡುತ್ತಿದ್ದ. ಅದು ಯಾಕೆ ಅಂತ ಕೇಳಿದ್ದೆ.

"ಹಳೇ ಕ್ಯಾಸೆಟ್ಟಿನ್ಯಾಗಿಂದ ಚಿತ್ರ ಕುಡುಕರಂಗ ಬರ್ತಾವು. ಒಂದು ಲಗೂ, ಒಂದು ತಡಾ. ಈ ಪೆಟಗಿ ಬಾಗಲದಾಗ ನಿಂತು ಪಾಳಿ ಹಚ್ಚಿ ಒಳಗ ಬಿಡತೈತಿ. ಇದು ಇಲ್ಲಂದ್ರ ಕಂಪ್ಯೂಟರಿಗೆ ತಿಳಿಯೂದಿಲ್ಲ. ಕಣ್ಣ ಮುಚ್ಚಿ, ಮದ್ಲ ಬಂದ ಚಿತ್ರನs ಹಿಡಕೊಂಡ ಕುಂಡರತೈತಿ. ಹಾಡ ಮುಂದ ಹೋಗಿರತೈತಿ, ಮದಿಮಗಳ ಕೈ ಅಲ್ಲೇ ನಿಂತಿರತೈತಿ."

ಅದು ನನಗೆ ತಿಳಿಯಿತು. ಮುಂದೆ ಆದದ್ದೆಲ್ಲ ಅದರಿಂದಲೇ.

2017ರ ಬೇಸಿಗೆಯಲ್ಲಿ ಬಿಡಕಿನ್‌ನಿಂದ ಗೋದಾವರಿ ಫೋನ್ ಮಾಡಿದಳು. ಗೋದಾವರಿ ನರಹರಿಯ ಹೆಂಡತಿ. ನರಹರಿ ನಮ್ಮೂರವನು, ನನ್ನ ಗಂಡನ ಜೊತೆ ಒಂದೇ ಗರಡಿಯ ಮಣ್ಣಿನಲ್ಲಿ ಹೊರಳಿದವನು. ಬಿಡಕಿನ್‌ನಲ್ಲಿ ಹೊಸ ಕಾರ್ಖಾನೆಗಳಿಗೆ ಜಾಗ ಬೇಲಿ ಹಾಕಿಟ್ಟಿದ್ದರು, ಅಲ್ಲಿ ವಾಚಮನ್ ಆಗಿದ್ದ. ಗೋದಾವರಿ ಅಳುತ್ತಿರಲಿಲ್ಲ. "ಎರಡೂ ಕಾಲ ಮುರದಾರ. ಮತ್ತ ಬರ್ತೇವಿ ಅಂದ ಹೋಗ್ಯಾರ" ಅಂದಳು.

ಬಸ್ಸು ಹಿಡಿದು ಸಂಭಾಜಿನಗರದ ಆಸ್ಪತ್ರೆಗೆ ಹೋದೆವು. ನರಹರಿಯ ಕಾಲುಗಳಿಗೆ ಪ್ಲಾಸ್ಟರು ಹಾಕಿದ್ದರು. ಮುಖ ಬದನೆಕಾಯಿಯ ಹಾಗೆ ಊದಿತ್ತು. ನನ್ನ ಗಂಡ ಅವನ ತಲೆದೆಸೆಗೆ ನಿಂತು ಬೈದ.

"ಏನಲೇ, ಇಷ್ಟ ದೊಡ್ಡ ಗಂಡಸ ಅದಿ, ಒಬ್ಬನ್ನರ ತಿರುಗಿ ಹೊಡದಿಲ್ಲಲ್ಲೋ?"

"ಹೊಡಿಯಾಕ ಮನಸಾಗಲಿಲ್ಲ."

"ಯಾಕ?"

"ಅವ ಸಾಹೇಬರಾವನ ಮಗಾ."

ಇಷ್ಟು ಹೇಳಿ ಗೋಡೆಯ ಕಡೆ ತಿರುಗಿದ. ಉಳಿದದ್ದನ್ನು ಗೋದಾವರಿ ಹೇಳಿದಳು.

ಸಂಭಾಜಿನಗರದ ಆಚೆ ಒಂದು ತಾಲೂಕಿನ ಊರಿದೆ, ಹೆಸರು ಕನ್ನಡ. ಹೆಸರು ಕೇಳಿ ನಮ್ಮ ಜನ ಖುಷಿಯಾಗುತ್ತಾರೆ, ಅಲ್ಲಿ ಮಾತೆಲ್ಲ ಮರಾಠಿ. 1991ರಲ್ಲಿ ಅಲ್ಲಿ ಕುಸ್ತಿ ಇತ್ತು. ನರಹರಿಯ ಎದುರಿಗೆ ಆ ಊರಿನ ಪೈಲ್ವಾನ ಸಾಹೇಬರಾವ್. ನರಹರಿ ಅವನ ಕುತ್ತಿಗೆ ಹಿಡಿದು ಚಿತ್ ಮಾಡಿದ. ಪಂಚರು ಸೀಟಿ ಊದಿದರು. ಜನ ಕಣಕ್ಕೆ ನುಗ್ಗಿದರು. ಜನ ಸರಿಯುವುದರೊಳಗೆ ಸಾಹೇಬರಾವ್ ಸತ್ತಿದ್ದ. ಕಣದಲ್ಲಿ ಸತ್ತ ಪೈಲ್ವಾನನಿಗೆ ಯಾರ ಮೇಲೂ ಸಿಟ್ಟಿಲ್ಲ ಅಂತ ಊರ ಹಿರಿಯರೇ ಪೊಲೀಸರಿಗೆ ಹೇಳಿ ಕಳಿಸಿದರು. ನರಹರಿ ಅಂದಿನಿಂದ ಲಂಗೋಟಿ ಕಟ್ಟಲಿಲ್ಲ.

ಆ ಕುಸ್ತಿಯನ್ನು ಮದುವೆ ಶೂಟಿಂಗ್ ಮಾಡುವವನೊಬ್ಬ ಎತ್ತಿನ ಗಾಡಿಯ ಮೇಲೆ ನಿಂತು ವಿಡಿಯೋ ತೆಗೆದಿದ್ದ. ಕ್ಯಾಸೆಟ್ಟನ್ನು ಸತ್ತವನ ಹೆಂಡತಿ ಶಾಂತಾಬಾಯಿಗೆ ಕೊಟ್ಟಿದ್ದ. ಆಕೆ ನೋಡದೆ ಟ್ರಂಕಿನಲ್ಲಿ ಇಟ್ಟಳು. ಆಗ ತೊಟ್ಟಿಲಲ್ಲಿದ್ದ ಮಗ ಅತುಲ್ ಈಗ ದೊಡ್ಡವನಾಗಿ, ಟೆಂಪೋ ಓಡಿಸಿಕೊಂಡು, ಅಪ್ಪನ ಮುಖ ನೋಡಬೇಕು ಅಂತ ಆ ಕ್ಯಾಸೆಟ್ಟನ್ನು ಯಾವುದೋ ಅಂಗಡಿಯಲ್ಲಿ ಸಿಡಿ ಮಾಡಿಸಿದ. ಅದರಲ್ಲಿ ಸೀಟಿ ಊದಿದ ಮೇಲೂ ನರಹರಿಯ ಕೈ ಸಾಹೇಬರಾವನ ಕುತ್ತಿಗೆಯಲ್ಲೇ ಇತ್ತು. ಊದಿದರು, ಊದಿದರು, ಕೈ ಬಿಡಲಿಲ್ಲ. ಅತುಲ್ ಅದನ್ನು ಊರಿನವರ ಫೋನಿಗೆಲ್ಲ ಕಳಿಸಿದ, ಅದು ಗೋದಾವರಿಯ ಫೋನಿಗೂ ಬಂತು. ಆಮೇಲೆ ಗೆಳೆಯರನ್ನು ಕಟ್ಟಿಕೊಂಡು ಬಿಡಕಿನ್‌ಗೆ ಬಂದ. ಅಪ್ಪನ ಪುಣ್ಯತಿಥಿ ಬರುತ್ತಿದೆ, ಅವತ್ತು ಬಂದು ಕುತ್ತಿಗೆ ಮುರಿದು ಮುಗಿಸುತ್ತೇನೆ, ಅಲ್ಲಿಯವರೆಗೆ ಓಡಿಹೋಗದಿರಲಿ ಎಂದೇ ಕಾಲು ಮುರಿದಿದ್ದೇನೆ ಅಂತ ಹೇಳಿ ಹೋಗಿದ್ದ.

"ಪೊಲೀಸರಿಗೆ ಹೇಳವಾ" ಅಂದೆ.

"ಇವರು ಕಂಪ್ಲೇಂಟ ಕೊಡವಲ್ಲರು."

ನರಹರಿ ಗೋಡೆಯ ಕಡೆಯಿಂದಲೇ ಹೇಳಿದ: "ನಾ ಬಿಟ್ಟಿದ್ದೆ ಅಂತ ಇಷ್ಟು ದಿನಾ ಅನ್ಕೊಂಡಿದ್ದೆ ಹಿರಿಯಣ್ಣಾ. ಅದನ್ನ ನೋಡಿದ ಮ್ಯಾಲ ಬಿಟ್ಟಿಲ್ಲ ಅನಸ್ತೈತಿ. ನನ್ನ ಕೈಗೇ ನೆಪ್ಪಿಲ್ಲ. ಬರಲಿ ಅವ. ಬಂದು ಮುಗಸಲಿ."

ನನ್ನ ಗಂಡ ಗೋದಾವರಿಯ ಫೋನು ಕಸಿದುಕೊಂಡು ವರಾಂಡಾಕ್ಕೆ ಹೋದ. ನಾನೂ ಹೋದೆ. ಚಿತ್ರ ಕೆಟ್ಟದಾಗಿತ್ತು. ಹರಿದು ಹರಿದು ಬರುತ್ತಿತ್ತು. ಹಲಗೆ ಬಡಿಯುವ ಸದ್ದು. ಮಣ್ಣಲ್ಲಿ ಇಬ್ಬರು. ಒಬ್ಬನ ತೋಳಿನಲ್ಲಿ ಇನ್ನೊಬ್ಬನ ಕುತ್ತಿಗೆ. ಸೀಟಿ ಕೇಳಿತು. ತೋಳು ಹಾಗೆಯೇ. ಮತ್ತೆ ಸೀಟಿ, ಜನರ ಕೂಗು, ತೋಳು ಹಾಗೆಯೇ. ಆಮೇಲೆ ಚಿತ್ರ ಜಿಗಿಯಿತು. ಸಾಹೇಬರಾವ್ ಮಣ್ಣಿನಲ್ಲಿ ಅಂಗಾತ ಬಿದ್ದಿದ್ದ, ಸುತ್ತ ಕಾಲುಗಳು. ಕೊಂದಿದ್ದಾನೆ ಎಂದೇ ನನಗೂ ಅನಿಸಿತು.

ಅವನು ಮತ್ತೆ ಮತ್ತೆ ನೋಡಿದ. "ಮಲ್ಲವ್ವ, ಹಿಂದ ಗಿಡದ ಮ್ಯಾಲ ಕುಂತ ಹುಡುಗನ್ನ ನೋಡು. ಕಾಲ ತೂಗಾಡಸಾಕತ್ತಿದ್ದಾ. ಸೀಟಿ ಆದಕೂಡಲೆ ಕಾಲು ನಿಂತಾವು."

"ಅಂದ್ರ?"

"ಅಂದ್ರ ನರಹರಿ ಹಿಡದಿಲ್ಲ. ಕಂಪ್ಯೂಟರ ಹಿಡದೈತಿ."

ಅಷ್ಟು ಹೇಳಿ ಆಸ್ಪತ್ರೆಯ ಗೋಡೆಗೆ ಗುದ್ದಿದ. ಬೆರಳ ಸಂದಿ ಒಡೆಯಿತು. ನರ್ಸಮ್ಮ ಬಂದು ಬೈದಳು.

ಫೋನಿನಲ್ಲಿದ್ದದ್ದನ್ನು ಹಿಡಿದು ಹೋದರೆ ಅತುಲ್ ನಂಬುವುದಿಲ್ಲ. ಕಾಲು ತೂಗಾಡಿಸುವ ಹುಡುಗನಿಗಾಗಿ ಯಾರೂ ಅಪ್ಪನ ಸೇಡು ಬಿಡುವುದಿಲ್ಲ. ಕ್ಯಾಸೆಟ್ಟು ಬೇಕು, ಅದನ್ನು ಅವರ ಕಣ್ಣ ಮುಂದೆ ನೆಟ್ಟಗೆ ಓಡಿಸಬೇಕು. ನಾಸಿಕಕ್ಕೆ ಹೋಗಿ ಒಂದು ವಿಸಿಆರನ್ನೂ ಆ ಡಿವಿಡಿ ಪೆಟ್ಟಿಗೆಯನ್ನೂ ಕೌದಿಯಲ್ಲಿ ಸುತ್ತಿಕೊಂಡು ಬಂದೆವು. ನಾನು ಯಾಕೆ ಹೋದೆ ಅಂದರೆ, ಇವನೊಬ್ಬನೇ ಹೋದರೆ ಮಾತಿಗಿಂತ ಮೊದಲು ಕೈ ಹೋಗುತ್ತದೆ.

ನಾನಿದ್ದರೂ ಹೋಯಿತು. ಕನ್ನಡ ಊರಿನಲ್ಲಿ ಅವರ ಮನೆ ಕೇಳಿಕೊಂಡು ಅಂಗಳಕ್ಕೆ ಕಾಲಿಟ್ಟೆವು. ಮಗ್ಗುಲಲ್ಲೇ ತಾಲೀಮು, ಅಂದರೆ ಅವರ ಗರಡಿ, ಕೆಂಪು ಮಣ್ಣಿನ ವಾಸನೆ. ಅತುಲ್ ಟೆಂಪೋ ತೊಳೆಯುತ್ತಿದ್ದ. ನನ್ನ ಗಂಡ ಮರಾಠಿಯಲ್ಲಿ ನರಹರಿಯ ಹೆಸರು ಹೇಳಿದನೋ ಇಲ್ಲವೋ, ಅವನು ಬಕೆಟ್ಟಿನಿಂದಲೇ ಮುಖಕ್ಕೆ ಹೊಡೆದ.

"ಇನ್ನೊಬ್ಬ ಕಾನಡಿ ಬಂದನಾ? ನಿನ್ನ ಕಾಲೂ ಮುರಿಯಬೇಕಾ?"

ಇವನು ಮೂಗಿನ ರಕ್ತ ಒರೆಸಿಕೊಂಡ. ಐವತ್ತು ದಾಟಿದವನು. ಆ ಹುಡುಗ ಕೋಣದ ಹಾಗಿದ್ದ. ಆದರೂ ಇವನು ಒಂದು ಕಾಲು ಕೊಟ್ಟು ಅವನನ್ನು ಕೆಡವಿದ. ಬೆನ್ನ ಮೇಲೆ ಕೂತು ಒಂದು ಕೈ ತಿರುಚಿ ಹಿಡಿದ. ಕೂತುಕೊಂಡೇ ಮಾತು ಶುರು ಮಾಡಿದ. ಗೆಳೆಯರು ಓಡಿ ಬಂದು ಇವನ ಬೆನ್ನಿಗೆ ಗುದ್ದುತ್ತಿದ್ದರು, ಇವನು ಕ್ಯಾಸೆಟ್ಟಿನ ಚಿತ್ರ ಯಾಕೆ ನಿಲ್ಲುತ್ತದೆ ಅಂತ ಹೇಳುತ್ತಲೇ ಇದ್ದ. ನಾನು ಗೆಳೆಯರಿಗೆ ಚಪ್ಪಲಿಯಿಂದ ಹೊಡೆದೆ.

ಒಳಗಿನಿಂದ ಶಾಂತಾಬಾಯಿ ಬಂದಳು. ಹಣೆ ಬೋಳು, ನನ್ನ ವಯಸ್ಸಿನವಳು. ಅವಳ ಹಿಂದೆ ಅವಳ ಮೈದುನ, ಅಲ್ಲ, ಭಾವ, ಸತ್ತವನ ಅಣ್ಣ ಭಾನುದಾಸ್. ಆ ತಾಲೀಮಿನ ವಸ್ತಾದ ಅವನೇ. ತಮ್ಮನಿಗೆ ಕುಸ್ತಿ ಕಲಿಸಿದವನು, ತಮ್ಮನ ಮಗನನ್ನು ಸಾಕಿದವನು. ಬಿಳಿ ಮೀಸೆ, ದೊಡ್ಡ ದೇಹ. ಅವನು ನಗುತ್ತ ನಿಂತಿದ್ದ.

"ಕಾನಡಿಗೆ ಕಾನಡಿ ಸಾಕ್ಷಿ. ಓಡಿಸಿ ಇವರನ್ನು" ಅಂದ.

"ಭಾವೋಜಿ, ನಿಲ್ಲಿ" ಅಂದಳು ಶಾಂತಾಬಾಯಿ. ನನ್ನ ಗಂಡನ ಕಡೆ ತಿರುಗಿ, "ನನ್ನ ಗಂಡ ಹೇಗೆ ಸತ್ತ ಅಂತ ಊರವರೆಲ್ಲ ಫೋನಿನಲ್ಲಿ ನೋಡಿದ್ದಾರೆ. ನಾನು ನೋಡಿಲ್ಲ. ನೀನು ಸರಿಯಾಗಿ ತೋರಿಸುತ್ತೀಯಾ?" ಅಂದಳು.

"ತೋರಿಸ್ತೀನಿ."

"ನಿನ್ನವನು ಬಿಟ್ಟಿಲ್ಲ ಅಂತ ಕಂಡರೆ?"

"ನಾನೇ ನರಹರಿಯನ್ನು ಹೊತ್ತುಕೊಂಡು ಬಂದು ನಿಮ್ಮ ಅಂಗಳದಲ್ಲಿ ಹಾಕ್ತೀನಿ. ಪುಣ್ಯತಿಥಿವರೆಗೆ ಕಾಯೋದು ಬೇಡ."

ನಾನು ಅವನ ಬೆನ್ನಿಗೆ ಚಿವುಟಿದೆ. "ಹುಚ್ಚ ಹಿಡದೈತೇನ ನಿಮಗ? ಗೋದಾವರಿಗೆ ಏನ ಹೇಳ್ಲಿ?" ಅಂದೆ ಕನ್ನಡದಲ್ಲಿ.

ಶಾಂತಾಬಾಯಿ ಟ್ರಂಕಿನಿಂದ ಕ್ಯಾಸೆಟ್ಟು ತಂದಳು. ಅತುಲ್ ಬಾಗಿಲಿಗೆ ಅಡ್ಡ ನಿಂತ, ನಾವು ಓಡಿಹೋಗದ ಹಾಗೆ. ಗೆಳೆಯರು ಹೊರಗೆ ಕೂತರು.

ಕ್ಯಾಸೆಟ್ಟಿನಲ್ಲಿ ಬಿಳಿ ಬೂಸರು ಹಿಡಿದಿತ್ತು. ತಿರುಪು ಬಿಚ್ಚಿ, ಟೇಪನ್ನು ಕೈಯಿಂದಲೇ ಸುತ್ತುತ್ತ, ಮೆತ್ತಗಿನ ಬಟ್ಟೆಯಲ್ಲಿ ಒರೆಸುತ್ತ ಬಂದ. ಒಂದು ಕಡೆ ನಿಂತ. ಅಲ್ಲಿ ಟೇಪಿನ ಕೆಳಗಿನ ಅಂಚು ಮಡಚಿ ಸುಕ್ಕಾಗಿತ್ತು. ಸಿಡಿ ಅಂಗಡಿಯ ಮಶೀನು ಅಲ್ಲಿ ಕಚ್ಚಿತ್ತು. ಸದ್ದು ಮೇಲಿನ ಅಂಚಿನಲ್ಲಿರುತ್ತದೆ, ಎಷ್ಟು ಜೋರಾಗಿ ಓಡಬೇಕು ಅನ್ನುವ ಗುರುತು ಕೆಳಗಿನ ಅಂಚಿನಲ್ಲಿರುತ್ತದೆ. ಅದಕ್ಕೇ ಸೀಟಿ ಸರಿಯಾಗಿ ಕೇಳಿತ್ತು, ಚಿತ್ರ ದಾರಿ ತಪ್ಪಿತ್ತು. ಇದನ್ನು ಅವನು ಅತುಲ್‌ಗೆ ತೋರಿಸಿ ಹೇಳಿದ. ಅತುಲ್ ನೋಡಲಿಲ್ಲ. ಅವನ ಕಣ್ಣು ಇವನ ಕುತ್ತಿಗೆಯ ಮೇಲಿತ್ತು.

ಅವರ ಟಿವಿಗೆ ತಂತಿ ಸೇರಿಸಿ, ಪೆಟ್ಟಿಗೆಯನ್ನು ನಡುವೆ ಇಟ್ಟು, ಮುಚ್ಚಳ ತೆಗೆದ ವಿಸಿಆರಿನ ಮುಂದೆ ನೆಲದ ಮೇಲೆ ಕೂತ. ಮೊದಲು ಚಿತ್ರ ಉರುಳಿತು. ತಿರುಪು ತಿರುಗಿಸಿದ. ಉರುಳುವುದು ನಿಂತಿತು, ಮೇಲೆ ಬಾಗಿತ್ತು. ಇನ್ನೊಂದು ಕಂಬ ತಿರುಗಿಸಿದ. ಜನರ ಪಟಗಗಳು ನೆಟ್ಟಗಾದವು. ಗಿಡ, ಗಿಡದ ಮೇಲೆ ಹುಡುಗ, ಮಣ್ಣಿನ ಕಣ, ಇಬ್ಬರು ಪೈಲ್ವಾನರು. ಶಾಂತಾಬಾಯಿ "ಅಹೋ" ಅಂದಳು, ಗಂಡನನ್ನು ಕರೆದ ಹಾಗೆ. ಸಾಹೇಬರಾವ್ ತೊಡೆ ತಟ್ಟುತ್ತಿದ್ದ.

"ಈಗ ಸುಕ್ಕ ಬರತೈತಿ. ತಡದು ತಡದು ಓಡಿಸಿದ್ರ ಹರೀತೈತಿ. ಒಮ್ಮೆನs" ಅಂದ ನನಗೆ. ಬೆರಳಿಗೆ ಬಟ್ಟೆ ಸುತ್ತಿ, ಒಳಗೆ ತೂರಿಸಿ, ಓಡುವ ಟೇಪಿನ ಅಂಚನ್ನು ಮೆಲ್ಲಗೆ ಒತ್ತಿ ಹಿಡಿದ. ಬೆರಳು ಇದ್ದಷ್ಟು ಹೊತ್ತು ಚಿತ್ರ ನಿಲ್ಲುತ್ತದೆ, ತೆಗೆದರೆ ಹೋಗುತ್ತದೆ. ಇನ್ನೊಂದು ಕೈಯಿಂದ ಮಶೀನು ಅಲ್ಲಾಡದ ಹಾಗೆ ಹಿಡಿದುಕೊಂಡ. ಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಿತ್ತು, ಚಿತ್ರವನ್ನು ಸಿಡಿಗೆ ತುಂಬಿಕೊಳ್ಳುತ್ತಿತ್ತು.

ನರಹರಿ ಕುತ್ತಿಗೆ ಹಿಡಿದ. ಕೆಡವಿದ. ಸೀಟಿ. ನರಹರಿ ಕೈ ಬಿಟ್ಟ.

ಕೂಡಲೇ ಬಿಟ್ಟ. ಎರಡೂ ಕೈ ಮೇಲೆತ್ತಿ ಹಿಂದೆ ಸರಿದ. ಗಿಡದ ಮೇಲಿನ ಹುಡುಗ ಕಾಲು ತೂಗಾಡಿಸುತ್ತಿದ್ದ.

ಅತುಲ್ ಬಾಗಿಲು ಬಿಟ್ಟು ಮುಂದೆ ಬಂದ. ನಾನು ಉಸಿರು ಬಿಟ್ಟೆ. ನರಹರಿ ಬದುಕಿದ ಅಂದುಕೊಂಡೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ಟೇಪು ನಿಲ್ಲಿಸಿದರೆ ಹರಿಯುತ್ತದೆ, ಅವನು ನಿಲ್ಲಿಸಲಿಲ್ಲ.

ಸಾಹೇಬರಾವ್ ಎದ್ದು ಕೂತ. ಬಾಯಲ್ಲಿದ್ದ ಮಣ್ಣು ಉಗುಳಿದ. ಒಂದು ಕೈಯಿಂದ ಕುತ್ತಿಗೆ ಹಿಡಿದುಕೊಂಡು ಏನೋ ಹೇಳಿದ. ಜನ ಸುತ್ತುವರಿದರು, ಅವರನ್ನು ಸರಿಸಲು ಪಂಚರು ಸೀಟಿ ಊದುತ್ತಲೇ ಇದ್ದರು. ಕ್ಯಾಮೆರಾ ಗಾಡಿಯ ಮೇಲಿದ್ದದ್ದರಿಂದ ಕಾಣುತ್ತಿತ್ತು. ಒಬ್ಬ ದೊಡ್ಡ ದೇಹದವನು ಜನರನ್ನು ತಳ್ಳಿಕೊಂಡು ಬಂದ. ಸಾಹೇಬರಾವನ ಬೆನ್ನ ಹಿಂದೆ ಕಾಲು ಅಗಲಿಸಿ ನಿಂತ. ಒಂದು ಕೈ ಗದ್ದಕ್ಕೆ, ಒಂದು ಕೈ ನೆತ್ತಿಗೆ. ಇದು ನಮ್ಮ ಕಡೆಯ ಗರಡಿಯಲ್ಲೂ ಇದೆ. ಕುತ್ತಿಗೆ ಹಿಡಿದುಕೊಂಡರೆ ವಸ್ತಾದ ಒಂದೇ ಸಲ ತಿರುವಿ ಲಟಕ್ಕೆನಿಸುತ್ತಾನೆ, ನರ ಕೂತಿತು ಅನ್ನುತ್ತಾರೆ. ನನ್ನ ಗಂಡನಿಗೂ ಮಾಡಿದ್ದಾರೆ. ಅವನು ತಿರುವಿದ. ಸಾಹೇಬರಾವನ ಕೈ ಕುತ್ತಿಗೆಯಿಂದ ಜಾರಿತು. ತಲೆ ಒಂದು ಕಡೆಗೆ ಹೋಯಿತು. ಅವನು ಅಂಗಾತ ಬಿದ್ದ.

ಮೀಸೆ ಆಗ ಕಪ್ಪಾಗಿತ್ತು. ಆದರೂ ಭಾನುದಾಸನೇ.

ಶಾಂತಾಬಾಯಿ ಟಿವಿ ನೋಡಿದಳು, ಭಾವನನ್ನು ನೋಡಿದಳು. "ಭಾವೋಜಿ, ನೀವಾ?" ಅಂದಳು. ಅಷ್ಟೇ.

"ಬಂದ ಕರ ತೇ!" ನಿಲ್ಲಿಸು ಅಂತ ಭಾನುದಾಸ್ ಕಿರುಚಿದ. ಟಿವಿಯಲ್ಲಿ ಅವನು ತಮ್ಮನ ಕೆನ್ನೆಗೆ ಹೊಡೆಯುತ್ತಿದ್ದ, ಏಳು ಏಳು ಅಂತ. "ಬಂದ ಕರ!"

"ಮುಗಿಯಲಿ" ಅಂದ ನನ್ನ ಗಂಡ. ಬೆರಳು ಟೇಪಿನ ಮೇಲಿತ್ತು.

ಗೋಡೆಗೆ ತಾಲೀಮಿನ ಮರದ ಗದೆ ಒರಗಿಸಿತ್ತು. ಭಾನುದಾಸ್ ಅದನ್ನು ಎತ್ತಿ ಇವನ ಬೆನ್ನಿಗೆ ಹೊಡೆದ. ಇವನು ಬೆರಳು ತೆಗೆಯಲಿಲ್ಲ. ಭುಜಕ್ಕೆ ಹೊಡೆದ. ಮೂಳೆಯ ಸದ್ದು ಕೇಳಿತು. ತೆಗೆಯಲಿಲ್ಲ. ನಾನು ಭಾನುದಾಸನ ತೋಳಿಗೆ ಬಿದ್ದು ಕಚ್ಚಿದೆ. ನನ್ನನ್ನು ಕೊಡವಿದ, ನಾನು ಬಾಗಿಲಿಗೆ ಬಡಿದೆ. ಅಲ್ಲಿಂದ ಕೂಗಿದೆ: "ಹೊಡೀರಿ! ತಿರುಗಿ ಹೊಡೀರಿ! ಯಾಕ ಸುಮ್ಮ ಕುಂತೀರಿ?" ಜೀವಮಾನವೆಲ್ಲ ಬೇಡದ ಕಡೆ ಹೊಡೆದವನು, ಬೇಕಾದ ಕಡೆ ಕೂತೇ ಇದ್ದ. ಮೂರನೆಯದು ತಲೆಗೆ ಬಿತ್ತು.

ಆಗ ಅತುಲ್ ದೊಡ್ಡಪ್ಪನ ಮೇಲೆ ಹಾರಿದ. ಕೆಡವಿ ಕುತ್ತಿಗೆಯನ್ನು ತೋಳಿನಲ್ಲಿ ಹಿಡಿದ. ಭಾನುದಾಸನ ನಾಲಗೆ ಹೊರಬಂತು. ಅವನ ಕಾಲು ನೆಲಕ್ಕೆ ಬಡಿಯುತ್ತಿತ್ತು. ಶಾಂತಾಬಾಯಿ ಹಿತ್ತಾಳೆಯ ತಂಬಿಗೆಯಿಂದ ಮಗನ ಬೆನ್ನಿಗೆ, ತಲೆಗೆ, ಕೈಗೆ ಹೊಡೆದಳು. "ಸೋಡ! ಸೋಡ ರೇ! ನಿನ್ನ ಅಪ್ಪನ ಆಣೆ, ಬಿಡು!" ತಂಬಿಗೆ ನಗ್ಗುವವರೆಗೆ ಹೊಡೆದಳು. ಅವನು ಬಿಟ್ಟ.

ನನ್ನ ಗಂಡನ ರಕ್ತ 'ಟಪ್ ಟಪ್' ಅಂತ ಮಶೀನಿನ ಮೇಲೆ ಬೀಳುತ್ತಿತ್ತು. ಟಿವಿಯಲ್ಲಿ ಈಗ ಬರೀ ಜನರ ಬೆನ್ನು. "ಮಲ್ಲವ್ವ, ಕೆಂಪ ಗುಂಡಿ ಒತ್ತು" ಅಂದ. ಒತ್ತಿದೆ. "ತುಂಬಿತೇನ?" "ತುಂಬೇತ್ರಿ" ಅಂದೆ. ನನಗೆ ಗೊತ್ತಿರಲಿಲ್ಲ. ಆಮೇಲೆ ಬೆರಳು ತೆಗೆದು, ಪಕ್ಕಕ್ಕೆ ವಾಲಿದ.

ಅತುಲನೇ ಟೆಂಪೋದಲ್ಲಿ ಹಾಕಿಕೊಂಡು ಓಡಿಸಿದ. ಹಿಂದೆ ನಾನು ಗಂಡನ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ದಾರಿಯಲ್ಲಿ ವೇರೂಳ ಎಂಬ ಊರು ದಾಟಿದ ಮೇಲೆ ಉಸಿರು ನಿಂತಿತು. ನಾನು ಅವನ ಕೆನ್ನೆಗೆ ಹೊಡೆದೆ, ಏಳ್ರಿ ಏಳ್ರಿ ಅಂತ. ಎದೆಗೆ ಗುದ್ದಿದೆ. ಆಸ್ಪತ್ರೆ ಮುಟ್ಟುವವರೆಗೂ ಗುದ್ದುತ್ತಿದ್ದೆ.

ಭಾನುದಾಸ್ ಜೈಲಿಗೆ ಹೋದ. ಶಾಂತಾಬಾಯಿ ಕೋರ್ಟಿನಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ತಮ್ಮ ಹೇಗೆ ಸತ್ತ ಅಂತ ನಿನಗೆ ಮೊದಲೇ ಗೊತ್ತಿತ್ತಾ ಅಂತ ವಕೀಲರು ಅವನನ್ನು ಕೇಳಿದರು. ಅವನು ತಲೆ ಎತ್ತಲಿಲ್ಲ. ಗೊತ್ತಿತ್ತೋ ಇಲ್ಲವೋ, ನನಗೆ ಅದರಿಂದ ಏನೂ ಇಲ್ಲ. ಗೊತ್ತಿಲ್ಲದಿದ್ದರೂ ಗದೆ ಅಷ್ಟೇ ಭಾರ.

ಪುಣ್ಯತಿಥಿಯ ದಿನ ಅತುಲ್ ಬಿಡಕಿನ್‌ಗೆ ಹೋದ. ಹೇಳಿದ ದಿನವೇ ಹೋದ. ಗೋದಾವರಿ ಕುಡುಗೋಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು, ನಾನೂ ಅಲ್ಲೇ ಇದ್ದೆ. ಅವನು ಹೊರಗೆ ನೆಲದ ಮೇಲೆ ಕೂತು, ಹೊಸ್ತಿಲ ಬಳಿ ಚಾಚಿದ್ದ ನರಹರಿಯ ಪ್ಲಾಸ್ಟರಿನ ಕಾಲುಗಳಿಗೆ ಹಣೆ ಹಚ್ಚಿದ. ಪೊಲೀಸರು ಕೊಟ್ಟ ನಕಲನ್ನು ತಂದಿದ್ದ. ನರಹರಿಯನ್ನು ಪಕ್ಕದ ಮನೆಗೆ ಹೊತ್ತೊಯ್ದು ಅಲ್ಲಿಯ ಟಿವಿಯಲ್ಲಿ ಅದನ್ನು ಹಾಕಿದರು. ನಾನು ನೋಡಲಿಲ್ಲ, ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ. ಹಲಗೆ ಕೇಳಿತು, ಸೀಟಿ ಕೇಳಿತು. ಆಮೇಲೆ ನರಹರಿ ಕೂಗಿದ. ಪ್ಲಾಸ್ಟರಿನ ಕಾಲು ಎಳೆಯುತ್ತ, ಗೋಡೆ ಹಿಡಿದು ಹೊರಗೆ ಬಂದ. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಬಿಟ್ಟಿದ್ದೆ ವೈನಿ! ನೋಡ್ರಿ ಬರ್ರಿ, ನಾ ಬಿಟ್ಟಿದ್ದೆ! ಕೂಡ್ಲೆ ಬಿಟ್ಟಿದ್ದೆ!"

ನಾನು ಎದ್ದು ಅವನ ಮುಖಕ್ಕೆ ಹೊಡೆದೆ. ಕೈ ಉರಿಯುವ ಹಾಗೆ ಹೊಡೆದೆ. ಅವನು ಗೋಡೆಗೆ ಬಿದ್ದ, ಜಾರಿ ಕೂತ. ಗೋದಾವರಿ ಓಡಿ ಬಂದಳು, ನನ್ನನ್ನು ನೋಡಿ ಅಲ್ಲೇ ನಿಂತಳು. ನರಹರಿ ಕೆನ್ನೆ ಮುಟ್ಟಿಕೊಳ್ಳಲಿಲ್ಲ.

"ಇನ್ನೊಂದ ಹೊಡೀರಿ" ಅಂದ.

ಇನ್ನೊಂದು ಹೊಡೆಯಲು ನನ್ನಲ್ಲಿ ಶಕ್ತಿ ಇರಲಿಲ್ಲ. ಅವನ ಪಕ್ಕ ನೆಲದ ಮೇಲೆ ಕೂತೆ. ಗಂಡ ಸತ್ತ ದಿನದಿಂದ ಬಾರದ ಅಳು ಆಗ ಬಂತು.